ಹೊರಗೆ ಮಾತ್ರ ಬರುವ ಉಸಿರು

ಚಿತ್ರದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಕಂಪ್ಯೂಟರ್ ಅಂಗಡಿಯಲ್ಲಿ ಮೇಘಶ್ರೀ ಒಂದು ಪೆನ್‌ಡ್ರೈವ್ ಕೊಳ್ಳುವುದರಲ್ಲಿದ್ದಳು. ಅದರೊಳಗೆ ಭಾರೀ ಬೆಲೆಯ ಮ್ಯೂಸಿಕ್ ಸಾಫ್ಟ್‌ವೇರ್ ಇದೆ, ಹಾಲಿವುಡ್ಡಿನವರೂ ಅದನ್ನೇ ಬಳಸುತ್ತಾರೆ ಎಂದು ಅಂಗಡಿಯವನು ಹೇಳಿದ್ದ. ಹಾಲಿವುಡ್ಡಿನವರೂ ಇದೇ ಅಂಗಡಿಗೆ ಬರುತ್ತಾರೆಯೇ ಎಂದು ಅವಳು ಕೇಳಲಿಲ್ಲ. ರಾಮಗಿರಿಯ ಬಸ್ಸಿಗೆ ಹೊತ್ತಾಗಿತ್ತು.

"ಅದು ತಗಳಬೇಡ್ರಿ," ಎಂದಿತು ಪಕ್ಕದಿಂದ ಒಂದು ದನಿ.

ತಿರುಗಿ ನೋಡಿದಳು. ಹೆಲ್ಮೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಒಬ್ಬ ಹೆಡ್‌ಫೋನ್ ಒಂದನ್ನು ಕಿವಿಗೆ ಹಾಕುತ್ತ ತೆಗೆಯುತ್ತ ನಿಂತಿದ್ದ. ಅವನಿಂದ ಮೊದಲು ಡೆಟಾಲಿನ ವಾಸನೆ ಬಂತು, ಅದರ ಹಿಂದೆಯೇ ಕೊಟ್ಟಿಗೆಯದು.

"ಯಾಕೆ?"

"ಕದ್ದ ಮಾಲು. ಒಳಗೆ ಇನ್ನೂ ಏನೇನು ತುಂಬವ್ರೋ. ನಿಮ್ಮ ಲ್ಯಾಪ್‌ಟಾಪಿಗೆ ಜ್ವರ ಬಂದ್ರೆ ಇವರು ಬಂದು ನೋಡಲ್ಲ."

ಅಂಗಡಿಯವನು ಫ್ಯಾನಿನ ಕಡೆ ನೋಡಿದ. ಇಂಥ ಮಾತಿಗೆ ಅವನು ಯಾವಾಗಲೂ ಫ್ಯಾನಿನ ಕಡೆಯೇ ನೋಡುವವನಿರಬೇಕು.

ಇವನು ಎದುರಿನ ಅಂಗಡಿಯವನಿರಬೇಕು, ಗಿರಾಕಿ ಕೀಳಲು ಬಂದಿದ್ದಾನೆ ಎಂದು ಮೇಘಶ್ರೀಗೆ ಅನ್ನಿಸಿತು. "ನಿಮ್ಮ ಅಂಗಡೀಲಿ ಇದನ್ನೇ ಎಷ್ಟಕ್ಕೆ ಕೊಡ್ತೀರ?"

"ನಾನು ಕೊಡೋದು ಇಂಜೆಕ್ಷನ್ ರೀ. ಅದೂ ದನಕ್ಕೆ."

ಅವನ ಹೆಸರು ಓಬಳೇಶ್. ಹೊಸದುರ್ಗ ಕಡೆಯ ಪಶು ಆಸ್ಪತ್ರೆಯ ಡಾಕ್ಟರು. ಹಗಲೆಲ್ಲ ಎಮ್ಮೆ, ಹಸು, ಕುರಿ. ಸಂಜೆ ಬಾಡಿಗೆ ರೂಮಿನ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ರಾಗ ಕೂಡಿಸುವುದು. ಮೇಘಶ್ರೀಗೆ ನಗು ಬಂತು. ತಡೆದುಕೊಳ್ಳಲು ತುಟಿ ಕಚ್ಚಿಕೊಂಡಳು. ಅದನ್ನವನು ನೋಡಿದ, ನೋಡಲಿಲ್ಲವೆಂಬಂತೆ ಹೆಡ್‌ಫೋನನ್ನು ಮತ್ತೆ ಕಿವಿಗೆ ಹಾಕಿಕೊಂಡ. ಅದರ ವೈರು ಯಾವುದಕ್ಕೂ ಸಿಕ್ಕಿಸಿರಲಿಲ್ಲ.

ರಾಮಗಿರಿಯ ಬಸ್ಸು ಹೋಯಿತು. ಇಬ್ಬರೂ ಟೀ ಅಂಗಡಿಯ ಬೆಂಚಿನಲ್ಲಿ, ನಡುವೆ ಹೆಲ್ಮೆಟ್ ಇಟ್ಟುಕೊಂಡು ಕುಳಿತರು.

"ಮೊದ್ಲು ಹೇಳ್ರಿ, ನಿಮಗೆ ಏನು ಆಗ್ಬೇಕು?"

"ಹೊಳಲ್ಕೆರೆ ಸ್ಕೂಲಲ್ಲಿ ನಲಿ-ಕಲಿ ಟೀಚರ್ ನಾನು. ಮಕ್ಕಳಿಗೆ ಪದ ಕಟ್ತೀನಿ. ನಾನು ಹಾಡಿದ್ದಕ್ಕೆ ಹಿಂದೆ ಒಂದು ತಮಟೆ, ಒಂದು ಹಾರ್ಮೋನಿಯಂ ಬರ್ಬೇಕು. ಎಲ್ಲ ಮನೇಲೇ ಆಗ್ಬೇಕು. ಸಂಬಳ ಕರಗಬಾರ್ದು."

"ಪುಕ್ಕಟೆ ಸಿಗೋವು ಅವೆ. ಎಲ್‌ಎಂಎಂಎಸ್ ಅಂತ ಒಂದು. ತಾಳ, ವಾದ್ಯ ಎಲ್ಲ ಚೆನ್ನಾಗಿ ಕೂಡ್ಸುತ್ತೆ, ನಿಮ್ಮ ದನಿ ಮಾತ್ರ ರೆಕಾರ್ಡ್ ಮಾಡ್ಕಳಲ್ಲ. ಆಡಾಸಿಟಿ ಅಂತ ಇನ್ನೊಂದು. ದನಿ ಹಿಡಿಯುತ್ತೆ, ವಾದ್ಯ ಬಾರ್ಸು ಅಂದ್ರೆ ಮುಖ ತಿರುಗಿಸುತ್ತೆ."

"ಎರಡನ್ನೂ ಕೂಡಿಸಿ ಸಂಸಾರ ಮಾಡ್ಸೋಕಾಗಲ್ವಾ?"

"ಆಗುತ್ತೆ, ದಿನಾ ಪಂಚಾಯ್ತಿ ಮಾಡ್ಬೇಕು." ಅವನು ಟೀ ಲೋಟದೊಳಕ್ಕೆ ನಕ್ಕ. "ರೀಪರ್ ಅಂತ ಐತೆ. ಎರಡೂ ಮಾಡುತ್ತೆ, ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತೆ. ಮೊದ್ಲು ಸುಮ್ನೆ ಬಳಸಿ ನೋಡ್ರಿ. ಹಿಡಿಸಿದ್ರೆ ಆಮೇಲೆ ಲೈಸೆನ್ಸು. ಕಮ್ಮಿನೇ ಆಗುತ್ತೆ."

"ಹಿಡಿಸ್ಲಿಲ್ಲ ಅಂದ್ರೆ?"

"ಬಿಟ್ಟುಬಿಡ್ರಿ. ಅದೇನು ಬೇಜಾರ್ ಮಾಡ್ಕಳಲ್ಲ."

ಸಾಫ್ಟ್‌ವೇರಿನ ಬಗ್ಗೆ ಆಡಿದ ಮಾತಿಗೆ ಅವನ ಕಿವಿ ಯಾಕೆ ಕೆಂಪಾಗಬೇಕಿತ್ತೋ ಮೇಘಶ್ರೀಗೆ ತಿಳಿಯಲಿಲ್ಲ. ಮುಂದಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು.

*

ರಾಮಗಿರಿಯ ಮನೆಯಲ್ಲಿ ಇದ್ದವರು ಇಬ್ಬರೇ: ಮೇಘಶ್ರೀ, ಅವಳ ತಾಯಿ ಅನುಸೂಯಮ್ಮ. ಹೋದ ವರ್ಷದವರೆಗೆ ಮೂವರಿದ್ದರು. ಅನುಸೂಯಮ್ಮನ ಅಕ್ಕ ಏಕಾಂತಮ್ಮ ಮಕ್ಕಳಿಲ್ಲದ ವಿಧವೆ, ತಂಗಿಯ ಮನೆಯಲ್ಲೇ ಇದ್ದು ಅಲ್ಲೇ ತೀರಿಕೊಂಡರು. ಅಂದಿನಿಂದ ಅನುಸೂಯಮ್ಮ ಹಾಡುವುದನ್ನು ಬಿಟ್ಟರು. ಊಟ ಮಾಡುವರು, ಬಟ್ಟೆ ಒಗೆಯುವರು, ಕೇಳಿದ್ದಕ್ಕೆ ಉತ್ತರ ಕೊಡುವರು. ಅಷ್ಟೇ.

ಅಕ್ಕತಂಗಿಯರು ಬೀಸುವ ಪದಗಳಿಗೆ ಊರಿನಲ್ಲೇ ಹೆಸರಾದವರು. ಬೀಸುವ ಪದವನ್ನು ಒಬ್ಬರೇ ಹಾಡುವುದಿಲ್ಲ. ಕಲ್ಲಿನ ಈಚೆಗೆ ಕುಳಿತವಳು ಪದ ಎತ್ತಿದರೆ ಆಚೆಗೆ ಕುಳಿತವಳು ಸೊಲ್ಲು ಹಿಡಿಯಬೇಕು. ಹಿಡಿಯುವ ಮೊದಲು ಕಲ್ಲು ತಿರುಗಿಸುವ ಭಾರಕ್ಕೆ 'ಹ್ಹಾ' ಎಂದು ಒಂದು ಉಸಿರು ಬಿಡುತ್ತಾಳೆ. ಆ ಉಸಿರಿಗೆ ಈಚೆಯವಳು ಜಾಗ ಬಿಟ್ಟಿರುತ್ತಾಳೆ. ಆ ಜಾಗವೂ ಪದದ ಒಂದು ಭಾಗವೇ.

ಮಕ್ಕಳ ಹಾಡಿಗೆ ಅಮ್ಮನ ಒಂದು ಮಟ್ಟು ಬೇಕೆಂದು ಮೇಘಶ್ರೀ ಕಾಡಿದಳು. ಅನುಸೂಯಮ್ಮ ಬಹಳ ದಿನ ಬೇಡವೆಂದರು. ಒಂದು ಭಾನುವಾರ ಮಧ್ಯಾಹ್ನ ಅವರಿಗೇ ಏನನ್ನಿಸಿತೋ, ಬೀಸೋಕಲ್ಲನ್ನು ನಡುಮನೆಗೆ ಎಳೆದು, ಹಿಡಿ ರಾಗಿ ಹಾಕಿ ಕುಳಿತರು. ಕಲ್ಲು ತಿರುಗದೆ ಪದ ಬರುವುದಿಲ್ಲವಂತೆ. ಮೇಘಶ್ರೀ ಮೈಕು ಹಿಡಿದಳು, ತಾಯಿಯ ಕಿವಿಗೆ ಹೆಡ್‌ಫೋನ್ ಹಾಕಿದಳು. ಗುಡಿಯೊಳಗೆ ಹಾಡಿದ ಹಾಗೆ ದನಿಯನ್ನು ಗುಂಯ್‌ಗುಡಿಸುವ ಪುಟ್ಟ ಸಾಫ್ಟ್‌ವೇರ್ ಒಂದನ್ನು ಯಾವುದೋ ವಿಡಿಯೋ ನೋಡಿ ಇಳಿಸಿಕೊಂಡಿದ್ದಳು. ಓಬಳೇಶ್ ಹೇಳಿದ ರೀಪರಿನಂತೆ ಅದೂ ಟ್ರಯಲ್ಲೇ. ಅದರಲ್ಲಿ ಬರೆದಿದ್ದುದನ್ನು ಎಲ್ಲರಂತೆ ಓದದೆ 'ಒಪ್ಪಿದೆ' ಎಂದು ಒತ್ತಿದ್ದಳು.

ಎರಡು ಕೈ ಹಿಡಿದಾರೆ ಹಗುರವ್ವ ಈ ಕಲ್ಲು
ಒಂಟಿ ಕೈಗಿದು ಬೆಟ್ಟದ ತೂಕ, ನನ್ನಕ್ಕ
ಬಂದೊಂದು ಸುತ್ತು ತಿರುವವ್ವ

ಅನುಸೂಯಮ್ಮ ಜಾಗ ಬಿಟ್ಟರು. ಅಭ್ಯಾಸ.

ಅವರ ಕೈ ಗೂಟದ ಮೇಲೆ ನಿಂತುಹೋಯಿತು. ಹಂಚಿನ ನಡುವಿನ ಗಾಜಿನಿಂದ ಬಿಸಿಲು ಕಲ್ಲಿನ ಮೇಲೆ ಬಿದ್ದಿತ್ತು. ಹಿಟ್ಟಿನ ಧೂಳು ಆ ಬಿಸಿಲಲ್ಲಿ ಅಲ್ಲಾಡದೆ ನಿಂತಂತೆ ಮೇಘಶ್ರೀಗೆ ಕಂಡಿತು.

"ಬಂದ್ಲು," ಎಂದರು ಅನುಸೂಯಮ್ಮ.

"ಯಾರಮ್ಮ?"

ಅವರು ಹೆಡ್‌ಫೋನ್ ತೆಗೆದು ಮಗಳ ಕಿವಿಗೆ ಹಾಕಿದರು. ಮೇಘಶ್ರೀ ರೆಕಾರ್ಡಿಂಗನ್ನು ಹಿಂದಕ್ಕೆ ಓಡಿಸಿ ಕೇಳಿದಳು. ಪದ ಮುಗಿಯಿತು. ಖಾಲಿ ಜಾಗ ಬಂತು. ಅದರೊಳಗೆ, ಕಿವಿಯ ತೀರ ಹತ್ತಿರ, ಯಾರೋ ದೀರ್ಘವಾಗಿ 'ಹ್ಸ್ಸ್' ಎಂದು ಉಸಿರು ಬಿಟ್ಟರು.

ಅವಳು ಹೆಡ್‌ಫೋನ್ ಕಿತ್ತು ಕೆಳಗಿಟ್ಟಳು. ಅಮ್ಮ ಅವಳ ಮುಖ ನೋಡಿ ನಗುತ್ತಿದ್ದರು. ಒಂದು ವರ್ಷದ ಮೇಲೆ ನಗುತ್ತಿದ್ದರು.

ಮರುದಿನದಿಂದ ಮೇಘಶ್ರೀ ಸ್ಕೂಲಿನಿಂದ ಬರುವಷ್ಟರಲ್ಲಿ ಕಲ್ಲು ನಡುಮನೆಯಲ್ಲಿ ಸಿದ್ಧವಿರುತ್ತಿತ್ತು. ಆಚೆ ಬದಿಗೆ ಒಂದು ಮಣೆ. ಅದರ ಮೇಲೆ ಯಾರೂ ಕೂರುವಂತಿಲ್ಲ. ಒಂದು ದಿನ ಮಣೆಯ ಮೇಲೆ ಮಡಿಸಿದ ಸೀರೆ ಬಂತು. "ಅವಳಿಗೆ ಮಂಡಿ ನೋವು," ಎಂದರು. ಪ್ರತಿ ಪದದ ಕೊನೆಗೂ ಉಸಿರು ಬರುತ್ತಿತ್ತು. ಬಂದ ಮೇಲೆ ಅನುಸೂಯಮ್ಮ ಮುಂದಿನ ಪದ ಎತ್ತುತ್ತಿದ್ದರು. ನಡುವೆ ಊರ ಸುದ್ದಿಯನ್ನೂ ಹೇಳುತ್ತಿದ್ದರು. ಮೇಘಶ್ರೀ ಮೈಕಿನ ಹಿಂದೆ ಕುಳಿತು ಮಣೆಯನ್ನು ನೋಡದಿರಲು ಪ್ರಯತ್ನಿಸುತ್ತಿದ್ದಳು. ನೋಡದಿದ್ದರೆ ಇನ್ನೂ ಕಷ್ಟವೆಂದು ಗೊತ್ತಾಗಿ ನೋಡುತ್ತಿದ್ದಳು.

ಓಬಳೇಶನಿಗೆ ಫೋನ್ ಮಾಡಿದಳು. ಅಷ್ಟರಲ್ಲಿ ಫೋನ್ ಮಾಡಲು ಇಬ್ಬರಿಗೂ ಕಾರಣ ಬೇಕಾಗುತ್ತಿರಲಿಲ್ಲ. ಆದರೂ ಅವನು ಮಿಕ್ಸಿಂಗ್ ಬಗ್ಗೆ ಒಂದು ಪ್ರಶ್ನೆ ಇಟ್ಟುಕೊಂಡೇ ಮಾಡುತ್ತಿದ್ದ.

"ಡಾಕ್ಟ್ರೇ, ನಿಮಗೆ ದೆವ್ವದ ಮೇಲೆ ನಂಬಿಕೆ ಐತಾ?"

"ಹಗಲು ಹೊತ್ತು ಇಲ್ಲ."

"ಹಂಗಾದ್ರೆ ಹಗಲೇ ಬರ್ರಿ."

*

ಅವನು ಬಂದಾಗ ಅನುಸೂಯಮ್ಮ ಅಂಗಡಿಗೆ ಹೋಗಿದ್ದರು. ನಡುಮನೆಗೆ ಕಾಲಿಟ್ಟವನು ಮಣೆಯ ಮೇಲೆ ಕೂರಹೋದ.

"ಅಲ್ಲಿ ಬೇಡ್ರಿ. ಅಲ್ಲಿ ದೊಡ್ಡಮ್ಮ ಕುಂತವ್ರೆ."

ಅವನು ಬಾಗಿದ ಹಾಗೆಯೇ ನಿಂತು ಅವಳ ಮುಖ ನೋಡಿದ. ಅವಳು ನಗಲಿಲ್ಲ. ಅವನು ಮೆಲ್ಲಗೆ ನೆಟ್ಟಗಾಗಿ, ಮಣೆಯ ಕಡೆ ಸಣ್ಣದಾಗಿ ತಲೆ ಬಾಗಿಸಿ, ನೆಲದ ಮೇಲೆ ಕುಳಿತ. ಮೇಘಶ್ರೀಗೆ ಅವನ ಮೇಲೆ ಮನಸ್ಸಾದದ್ದು ಆ ಗಳಿಗೆಯಲ್ಲಿ ಎಂದು ಅವಳಿಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದು ಎದೆ ಹೊಡೆದುಕೊಳ್ಳುತ್ತಿದೆ ಎಂಬುದಷ್ಟೇ. ಅದನ್ನು ದೊಡ್ಡಮ್ಮನ ಲೆಕ್ಕಕ್ಕೆ ಹಾಕಿದಳು.

ಅವನು ಕಣ್ಣು ಮುಚ್ಚಿ ಕೇಳಿದ. ಮತ್ತೆ ಮತ್ತೆ ಕೇಳಿದ.

"ದಿನಾ ದನದ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳ್ತೀನಿ. ಉಸಿರು ಅಂದ್ರೆ ಒಳಗೊಂದು, ಹೊರಗೊಂದು. ಇದಕ್ಕೆ ಒಳಗೆ ಇಲ್ಲ. ಬರೀ ಹೊರಗೆ."

"ಸತ್ತೋರದು ಹಂಗೇ ಇರ್ಬೋದಲ್ಲ."

ಅವನು ಪರದೆಯ ಮೇಲೆ ಆ ಗುಂಯ್‌ಗುಡಿಸುವ ಸಾಫ್ಟ್‌ವೇರನ್ನು ತೆರೆದು, ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಸಾಲನ್ನು ಓದಿದ. ಅವನ ಮುಖ ಪೆಚ್ಚಾಯಿತು.

"ಇದು ಟ್ರಯಲ್ ರೀ. ದುಡ್ಡು ಕೊಡೋವರ್ಗೂ ಆಗಾಗ 'ಹ್ಸ್ಸ್' ಅಂತ ಒಂದು ಸದ್ದು ಸೇರಿಸ್ತಾ ಇರುತ್ತೆ. ಪುಕ್ಕಟೆ ಬಳಸೋರಿಗೆ ಕಿರಿಕಿರಿ ಆಗ್ಲಿ ಅಂತ."

"ಸುಳ್ಳು. ಪ್ರತಿ ಸಲ ಸರಿಯಾಗಿ ಪದ ಮುಗಿದ ಮೇಲೇ ಬರುತ್ತೆ."

"ನಡುವೆ ಬಂದಿದ್ದು ಕಲ್ಲಿನ ಸದ್ದಲ್ಲಿ ಕೇಳ್ಸಲ್ಲ. ಪದ ಮುಗಿದ ಮೇಲೆ ಅದು ಬರೋವರ್ಗೂ ನಿಮ್ಮಮ್ಮ ಕಾಯ್ತಾರೆ."

ಅದು ನಿಜವಾಗಿತ್ತು. ಎಷ್ಟೋ ಸಲ ಅಮ್ಮ ಕಲ್ಲು ನಿಲ್ಲಿಸಿ, ತಲೆ ಓರೆ ಮಾಡಿ, ಬಹಳ ಹೊತ್ತು ಕುಳಿತಿರುತ್ತಿದ್ದರು.

"ಲೈಸೆನ್ಸ್ ತಗಂಡ್ರೆ?"

"ನಿಲ್ಲುತ್ತೆ. ತಗಳದಿದ್ರೂ ಈ ವಾರ ಟ್ರಯಲ್ ಮುಗಿಯುತ್ತೆ, ಆಗ್ಲೂ ನಿಲ್ಲುತ್ತೆ."

"ನಿಮಗೆ ಸುಮ್ನೆ ಇರೋಕಾಗ್ತಿರ್ಲಿಲ್ವಾ?" ಅವಳು ಮೌಸನ್ನು ಅವನ ಕೈಯಿಂದ ಕಿತ್ತುಕೊಂಡಳು. "ಅಮ್ಮ ಒಂದು ವರ್ಷ ಬಾಯಿ ಬಿಟ್ಟಿರ್ಲಿಲ್ಲ. ಈಗ ಹಾಡ್ತವ್ರೆ. ಇದು ನಿಂತ್ರೆ ಮತ್ತೆ ಬಾಯಿ ಮುಚ್ಕಂತಾರೆ. ಏನು ಮಾಡ್ಲಿ ನಾನು?"

"ಸುಮ್ನೆ ಇರಬೋದಿತ್ತು." ಅವನು ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಿದ್ದ. "ನಿಮ್ಮ ಹತ್ರ ಆಗಲ್ಲ."

ಹೊರಗೆ ರೈಲೊಂದು ಸ್ಟೇಷನ್ನಿಗೆ ಬಂದು ನಿಂತು ಹೋಯಿತು. ಆ ಮಾತನ್ನು ಕೇಳಿಸಿಕೊಳ್ಳಲಿಲ್ಲವೆಂದು ನಟಿಸಲು ಇಬ್ಬರಿಗೂ ರೈಲು ಅನುಕೂಲವಾಯಿತು.

"ಒಂದು ದಾರಿ ಐತೆ," ಎಂದ. "ಗುಂಯ್‌ಗುಡಿಸೋ ಕೆಲ್ಸ ರೀಪರ್ ಒಳಗೇ ಆಗುತ್ತೆ. ನಿಮ್ಮಮ್ಮ ಬಿಟ್ಟ ಜಾಗಕ್ಕೆ ಆಗ ಅವರ ದನಿನೇ ತಿರುಗಿ ಬರುತ್ತೆ. ಯಾವ ಜಾಗದಲ್ಲಿ ಹಾಡಿದಂಗೆ ಬೇಕೋ ಅಲ್ಲಿ ಹೋಗಿ ಒಂದು ಬಲೂನ್ ಒಡೆದು ರೆಕಾರ್ಡ್ ಮಾಡ್ಕಂಡು ಬರ್ಬೇಕು. ಒಂದು ಸದ್ದು ಆ ಜಾಗದಲ್ಲಿ ಹೆಂಗೆ ಸಾಯುತ್ತೆ ಅಂತ ಗೊತ್ತಾದ್ರೆ, ಯಾವ ದನಿನಾದ್ರೂ ಅಲ್ಲೇ ಸಾಯಿಸಬಹುದು."

"ಡಾಕ್ಟ್ರು ಆಡೋ ಮಾತಾ ಇದು."

"ಚಂದ್ರವಳ್ಳಿಗೆ ಹೋಗಾಣ. ಗುಹೆ ಒಳಗೆ."

*

ಚಂದ್ರವಳ್ಳಿಯಲ್ಲಿ ನಡುಹಗಲು. ಕೆರೆಯ ನೀರು ಕಣ್ಣು ಕುಕ್ಕುತ್ತಿತ್ತು. ಗುಹೆಯೊಳಗೆ ಬಾಗಿ ಇಳಿದು, ಎರಡು ತಿರುವು ದಾಟಿದ ಮೇಲೆ ಹಗಲು ಎಂಬುದೇ ಇರಲಿಲ್ಲ. ಕಲ್ಲಿಗೆ ಒದ್ದೆ ಬೂದಿಯ ವಾಸನೆ. ದಾರಿ ತೋರಿಸಲು ಬಂದ ಕಾವಲುಗಾರ ಬಲೂನು ಕಂಡು, "ಹ್ಯಾಪಿ ಬರ್ತ್‌ಡೇನಾ? ಬೇಗ ಮುಗಿಸ್ರಿ," ಎಂದು ಹೇಳಿ, ಬೀಡಿ ಸೇದಲು ಹೊರಗೆ ಹೋದ.

ಓಬಳೇಶ್ ರೆಕಾರ್ಡರನ್ನು ನೆಲಕ್ಕಿಟ್ಟ. ಬಲೂನಿಗೆ ಗಾಳಿ ತುಂಬಿದ. "ಟಾರ್ಚ್ ಆರಿಸ್ತೀನಿ, ಅದೂ ಸದ್ದು ಮಾಡುತ್ತೆ. ಒಡೆದ ಮೇಲೆ ಕಡೇ ಗುಂಯ್ ಸಾಯೋವರ್ಗೂ ಉಸಿರಾಡಬಾರ್ದು. ಉಸಿರು ಸೇರಿದ್ರೆ ಅದೂ ಹಾಡಿನ ಜೊತೆ ಬರುತ್ತೆ."

"ಟಾರ್ಚ್ ಎಲ್ಲಾದ್ರೂ ಸದ್ದು ಮಾಡುತ್ತಾ?"

"ಇದು ಮಾಡುತ್ತೆ," ಎಂದ, ಅವಳ ಕಡೆ ನೋಡದೆ.

ಕತ್ತಲಾಯಿತು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಅವನು ಎಷ್ಟು ಹತ್ತಿರವಿದ್ದಾನೆಂದು ಮೇಘಶ್ರೀಗೆ ಡೆಟಾಲಿನ ವಾಸನೆಯಿಂದ ತಿಳಿಯುತ್ತಿತ್ತು. ವಾಸನೆ ಎಡಕ್ಕಿತ್ತು. ಬಲಕ್ಕೆ ಯಾವ ವಾಸನೆಯೂ ಇರಲಿಲ್ಲ. ಆದರೆ ಬಲಗಡೆಯೂ ಯಾರೋ ನಿಂತಿದ್ದರೆ ಆಗುವಂತೆ ಆ ಬದಿಯ ತೋಳಿನ ಕೂದಲು ಎದ್ದು ನಿಂತಿತು. ಅವಳು ದುಪಟ್ಟಾವನ್ನು ಮಡಿಸಿ ಬಾಯಿಗೂ ಮೂಗಿಗೂ ಒತ್ತಿ ಹಿಡಿದಳು.

ಬಲೂನು ಒಡೆಯಿತು. ಸದ್ದು ಕಲ್ಲಿನಿಂದ ಕಲ್ಲಿಗೆ ಹಾರಿ, ಯಾವುದೋ ಒಳಕೋಣೆಗೆ ಇಳಿದು, ಅಲ್ಲಿ ಏನನ್ನೋ ಹುಡುಕಿ, ನಿಧಾನವಾಗಿ ಕುಸಿಯಿತು. ಅವಳ ಇನ್ನೊಂದು ಕೈ ತಾನಾಗಿ ಹೋಗಿ ಅವನ ಅಂಗಿಯ ತೋಳನ್ನು ಹಿಡಿದಿತ್ತು.

ಟಾರ್ಚ್ ಹತ್ತಿದಾಗ ಅವನು ಅವಳ ಬೆರಳುಗಳನ್ನು ನೋಡುತ್ತಿದ್ದ. ಅವಳು ಬಿಡಲಿಲ್ಲ. ಬಿಡಬೇಕೆಂದು ಹೊಳೆದದ್ದು ಬಿಸಿಲಿಗೆ ಬಂದ ಮೇಲೆ.

*

ಆ ಭಾನುವಾರ ಟ್ರಯಲ್ ಮುಗಿದಿತ್ತು. ಮೇಘಶ್ರೀ ಮೊದಲು ನಿಜ ಹೇಳಬೇಕೆಂದು ತೀರ್ಮಾನಿಸಿದಳು. ಒಬ್ಬಳೇ ಹೇಳಲು ಧೈರ್ಯ ಸಾಲದೆ ಓಬಳೇಶನನ್ನು ಕರೆಸಿಕೊಂಡಳು. ಅವನು ಬಂದು ಮೂಲೆಯಲ್ಲಿ, ಬೈಸಿಕೊಳ್ಳಲೆಂದೇ ಹುಟ್ಟಿದವನಂತೆ ಕುಳಿತ.

ಅನುಸೂಯಮ್ಮ ಎಲ್ಲವನ್ನೂ ಕೇಳಿದರು. ಬಹಳ ಹೊತ್ತು ಕಲ್ಲಿನ ಗೂಟವನ್ನು ಸವರುತ್ತಿದ್ದರು.

"ಅಂದ್ರೆ ಇಷ್ಟು ದಿನ ನಾನು ಮಿಷಿನ್ನಿಗೆ ಮಣೆ ಹಾಕಿದ್ನಾ?"

"ಅಮ್ಮ..."

"ಅದ್ರ ಮುಂದೆ ಊರೋರ ವಿಷ್ಯ ಎಲ್ಲ ಹೇಳ್ಕಂಡ್ನಲ್ಲೇ." ಅವರು ಮಣೆಯ ಮೇಲಿನ ಸೀರೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಮುಖ ಮುಚ್ಚಿದ ಬಾಗಿಲಿನಂತಾಯಿತು. ಮೇಘಶ್ರೀ ಆ ಮುಖವನ್ನು ಒಂದು ವರ್ಷ ನೋಡಿದ್ದಳು. ಮುಗಿಯಿತು, ಎಂದುಕೊಂಡಳು.

"ಆ ಗವಿದು ಏನೋ ತಂದಿದೀವಿ ಅಂದ್ರಲ್ಲ," ಎಂದರು ಅನುಸೂಯಮ್ಮ, ತಲೆಯೆತ್ತದೆ. "ಹಾಕ್ರಿ, ಅದನ್ನೂ ಕೇಳಿಬಿಡಾಣ."

ಓಬಳೇಶ್ ಹಾಕಿದ. ಅನುಸೂಯಮ್ಮನದೇ ಪದ ಗುಹೆಯ ಆಳದಿಂದ ಬಂತು. ಪದ ಮುಗಿಯಿತು, ಖಾಲಿ ಜಾಗ ಬಂತು. ಆ ಜಾಗದಲ್ಲಿ ಪದದ ಕಡೆಯ ಮಾತೇ ದನಿ ಕಳೆದುಕೊಂಡು, ಪಿಸುಗುಟ್ಟುತ್ತ, ಹಿಂದಿನಿಂದ ಯಾರೋ ಹೇಳಿದ ಹಾಗೆ ಕೇಳಿಸಿತು: *ತಿರುವವ್ವ.*

ಓಬಳೇಶನ ಕೈ ತಾನಾಗಿ ಹೋಗಿ ಹಾಡು ನಿಲ್ಲಿಸಿತು.

"ಬಲೂನಿನ ಜೊತೆ ಯಾರ್ದೋ ಉಸಿರು ಸೇರ್ಕಂಡೈತೆ," ಎಂದ ಓಬಳೇಶ್. "ಅದಕ್ಕೇ ಪಿಸುಮಾತು ಥರ ಬರ್ತೈತೆ."

"ಬರೀ ಅದನ್ನ ಹಾಕಪ್ಪ. ಹಾಡಿಲ್ದೆ."

ಹಾಕಿದ. ಢಬ್ ಎಂದಿತು. ಸದ್ದು ಉರುಳಿ ಉರುಳಿ ಸತ್ತಿತು. ಸಾಯುವ ಮುನ್ನ, ಒಂದು ಉಸಿರು. ಒಳಗೆ, ಹೊರಗೆ.

ಅನುಸೂಯಮ್ಮ ಕಣ್ಣು ಕಿರಿದು ಮಾಡಿ ಮೂಲೆಯತ್ತ ನೋಡಿದರು. "ಇದು ಗಂಡಸಿನ ಉಸಿರು. ನಮ್ಮಕ್ಕನ ಜೊತೆ ಕಲ್ಲು ಬೀಸಿದೋಳು ನಾನು, ಯಾರ ಉಸಿರು ಏನಂತ ನಂಗೊತ್ತಾಗುತ್ತೆ. ಏನಪ್ಪ ಡಾಕ್ಟ್ರೆ, ನಿಂದೇನಾ?"

"ಹೂಂ."

"ಉಸಿರಾಡಬಾರ್ದು ಅಂತ ನೀನೇ ಹೇಳಿದ್ಯಂತೆ."

"ಹೇಳಿದ್ದೆ." ಅವನು ನೆಲ ನೋಡಿದ. ಆಮೇಲೆ ನೆಲವನ್ನು ಬಿಟ್ಟು ಮೇಘಶ್ರೀಯನ್ನು ನೋಡಿದ. "ಇವರು ತೋಳು ಹಿಡ್ಕಂಡ್ರು. ತಡ್ಕಳಕಾಗ್ಲಿಲ್ಲ. ಆ ಟಾರ್ಚು ಸದ್ದೂ ಮಾಡಲ್ಲ, ಏನೂ ಮಾಡಲ್ಲ. ಕತ್ತಲಲ್ಲಾದ್ರೂ ಹೇಳಾಣ ಅಂತ ಆರ್ಸಿದ್ದೆ. ಬಾಯಿ ಬರ್ಲಿಲ್ಲ, ಉಸಿರು ಬಂತು."

ಇಷ್ಟು ಕೆಟ್ಟದಾಗಿ, ಅದೂ ತಾಯಿಯ ಎದುರಿಗೆ, ಯಾರಾದರೂ ಪ್ರೇಮವನ್ನು ಹೇಳಿಕೊಂಡಾರೆಂದು ಮೇಘಶ್ರೀ ಎಣಿಸಿರಲಿಲ್ಲ. ಕೆನ್ನೆ ಸುಡುತ್ತಿತ್ತು. ತಾಯಿಯ ಮುಖ ನೋಡಲಾಗದೆ ಲ್ಯಾಪ್‌ಟಾಪ್ ನೋಡಿದಳು.

"ಹೇಳೇ," ಎಂದರು ಅನುಸೂಯಮ್ಮ. "ನಿಂಗೂ ಹಂಗೇನಾ?"

"ಹೂಂ."

"ಮತ್ತೆ ಇಬ್ರೂ ಹಿಂಗ್ಯಾಕೆ ಸಾವಿನ ಮನೇಲಿ ಕುಂತಂಗೆ ಕುಂತೀರಿ? ಟೀ ಇಡ್ತೀನಿ." ಅವರು ಎದ್ದು ಒಳಗೆ ಹೋದರು. ಹೋಗುವಾಗ ಸೀರೆಯನ್ನು ಮತ್ತೆ ಮಣೆಯ ಮೇಲಿಟ್ಟರು. ಯೋಚಿಸಿ ಇಟ್ಟರೋ, ಕೈ ಖಾಲಿ ಮಾಡಿಕೊಳ್ಳಲು ಇಟ್ಟರೋ ತಿಳಿಯಲಿಲ್ಲ.

ಇಬ್ಬರೇ ಉಳಿದರು. ಅವನು ನೆಲದ ಮೇಲೆಯೇ ಸರಿದು ಹತ್ತಿರ ಬಂದ. ಅವಳು ನಗು ತಡೆಯಲು ತುಟಿ ಕಚ್ಚಿದಳು. ಈ ಸಲ ಅವನು ನೋಡದವನಂತೆ ನಟಿಸಲಿಲ್ಲ.

"ಮೇಘಾ," ಎಂದ, ಹೆಸರನ್ನು ಮೊದಲ ಸಲ ರುಚಿ ನೋಡುವವನಂತೆ. "ಒಂದು ಕೇಳ್ಲಾ?"

"ಕೇಳ್ರಿ."

ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. ಅವನ ಉಸಿರಿನ ಅಲೆಯ ಹಿಂದೆಯೇ, ಅದಕ್ಕಿಂತ ಚಿಕ್ಕದಾಗಿ, ಇನ್ನೊಂದು ಅಲೆ ಇತ್ತು. "ನಾನು ಬಿಟ್ಟ ಮೇಲೆ ನೀವೂ ಬಿಟ್ರಿ ಅಲ್ವಾ? ಅದನ್ನ ಕೇಳೇ ನಂಗೆ ಸ್ವಲ್ಪ ಧೈರ್ಯ ಬಂದಿದ್ದು."

"ನಾನು ದುಪಟ್ಟಾ ಒತ್ತಿ ಹಿಡ್ಕಂಡಿದ್ದೆ. ಟಾರ್ಚ್ ಹತ್ತೋವರ್ಗೂ."

ಅವನು ಹೆಡ್‌ಫೋನಿನ ಒಂದು ಕಿವಿಯನ್ನು ಅವಳಿಗೆ ಕೊಟ್ಟು ಇನ್ನೊಂದನ್ನು ತಾನಿಟ್ಟುಕೊಂಡ. ಕೆನ್ನೆಗೆ ಕೆನ್ನೆ ತಾಗುವಷ್ಟು ಹತ್ತಿರ ಕುಳಿತು ಕೇಳಿದರು. ಮೊದಲು ಅವನದು. ಆಮೇಲೆ ಬಲಗಡೆಯಿಂದ, ಭಾರದ ಗೂಟವೊಂದನ್ನು ಎಳೆಯುವಾಗ ಬರುವಂಥ, ಸಣ್ಣ 'ಹ್ಹಾ'.

"ಅಳಿಸ್ಲಾ?" ಎಂದ ಪಿಸುದನಿಯಲ್ಲಿ.

ಅವಳು ಬೇಡವೆಂದು ತಲೆಯಾಡಿಸಿ, ಮೌಸಿನ ಮೇಲಿದ್ದ ಅವನ ಕೈಯನ್ನು ಹಿಡಿದುಕೊಂಡಳು. ಅವನ ಕೈ ತಣ್ಣಗಿತ್ತು, ಅವಳದೂ.

ಒಳಗೆ ಸಕ್ಕರೆ ಡಬ್ಬದ ಮುಚ್ಚಳ ಸದ್ದಾಯಿತು. ಕಲ್ಲಿಲ್ಲದೆ, ಹೆಡ್‌ಫೋನಿಲ್ಲದೆ, ಟೀ ಕುದಿಯುವ ಸದ್ದಿನ ಮೇಲೆ ಅನುಸೂಯಮ್ಮ ಪದ ಎತ್ತಿದರು. ಮೇಘಶ್ರೀಯ ಕಣ್ಣು ತುಂಬಿತು. ಪದ ಮೂರನೆಯ ಸಾಲಿಗೆ ಬಂತು, ಮುಗಿಯಿತು. ಅನುಸೂಯಮ್ಮ ಜಾಗ ಬಿಟ್ಟರು.

ನಡುಮನೆಯಲ್ಲಿ, ಒಬ್ಬರ ಕೈಯನ್ನೊಬ್ಬರು ಬಿಗಿಯಾಗಿ ಹಿಡಿದು, ಇಬ್ಬರೂ ಉಸಿರು ಕಟ್ಟಿ ಕುಳಿತರು. ಈ ಸಲ ಇಬ್ಬರೂ ನಿಜವಾಗಿಯೇ ಕಟ್ಟಿದ್ದರು.